ಹೊಸ ಆ್ಯಪ್ ತೆರೆದ ಕೂಡಲೇ ಎಚ್ಚರಿಕೆ ಬಂತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಲ್ಯಾಪ್‌ಟಾಪ್ ರಿಪೇರಿ ಎಲ್ಲಾ ಒಂದೇ ಕಡೆ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು, ಕಾಲೇಜು ಹುಡುಗರು, ಶಾಲೆ ಮೇಷ್ಟ್ರು, ಕಾರಟಗಿ, ಸಿಂಧನೂರು, ಕಂಪ್ಲಿ ಕಡೆಯಿಂದ ಬರುವವರು, ಎಲ್ಲರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ: ಏನೋ ಇಳಿಸಿಕೊಂಡೆ, ತೆರೆಯಲು ಹೋದರೆ ಎಚ್ಚರಿಕೆ ಬಂತು, ಹೂಂ ಅನ್ನಲಾ, ಬೇಡ ಅನ್ನಲಾ? ಕೌಂಟರಿನ ಮುಂದೆ ನಿಂತು, ಫೋನ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿ ಕೇಳಿದ್ದನ್ನು ಅವರ ಮಾತಿನಲ್ಲೇ ಸೇರಿಸಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲು ಇಷ್ಟು ಗೊತ್ತಿರಲಿ

"ಅಣ್ಣಾ, ನೀಲಿ ಪರದೆ ಬಂತು, 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಅಂತ. ವೈರಸ್ ಬಂದುಬಿಡ್ತಾ?"

ಇಲ್ಲ. ಆ ಫೈಲ್ ಇನ್ನೂ ಓಡೇ ಇಲ್ಲ, ಬಾಗಿಲಲ್ಲೇ ನಿಂತಿದೆ. ಇದು ಸ್ಮಾರ್ಟ್‌ಸ್ಕ್ರೀನ್ ಅನ್ನುವ ಕಾವಲು. 2012ರಲ್ಲಿ ವಿಂಡೋಸ್ 8ರ ಜೊತೆ ಸಿಸ್ಟಮ್‌ನೊಳಗೇ ಬಂತು. ನಮ್ಮ ಊರಿಗೆ ಹೊಸಬರು ಯಾರಾದರೂ ಬಂದರೆ ಕಟ್ಟೆ ಮೇಲೆ ಕೂತ ಹಿರಿಯರು "ಯಾರ ಮನೆಗೆ ಬಂದೀರಿ?" ಅಂತ ಕೇಳುತ್ತಾರಲ್ಲ, ಅದೂ ಹಾಗೇ ಕೇಳುತ್ತದೆ. ಈ ಫೈಲನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ, ಮಾಡಿದವರ ಡಿಜಿಟಲ್ ಸಹಿ, ಅಂದರೆ ಯಾರು ಮಾಡಿದ್ದು ಅನ್ನುವ ಗುರುತು, ಇದೆಯಾ ಅಂತ ಮೈಕ್ರೋಸಾಫ್ಟ್ ನೋಡುತ್ತದೆ. ಗುರುತು ಸಿಗದಿದ್ದರೆ ತಡೆಯುತ್ತದೆ. ಕಳ್ಳ ಅಂತ ಹೇಳುತ್ತಿಲ್ಲ, ಗೊತ್ತಿಲ್ಲ ಅಂತ ಹೇಳುತ್ತಿದೆ. ಈ ಎರಡರ ನಡುವಿನ ವ್ಯತ್ಯಾಸ ಹಿಡಿದರೆ ಅರ್ಧ ಭಯ ಹೋಗುತ್ತದೆ.

ಮೊದಲಿಗೆ ಕಾಣುವುದು 'ಡೋಂಟ್ ರನ್' ಬಟನ್ ಒಂದೇ. ಅಲ್ಲೇ ಸಣ್ಣ ಅಕ್ಷರದಲ್ಲಿ 'ಮೋರ್ ಇನ್ಫೋ' ಇರುತ್ತದೆ. ಅದನ್ನು ಒತ್ತಿದರೆ ಏನೂ ಓಡುವುದಿಲ್ಲ, ಹೆದರಬೇಡಿ. ಫೈಲಿನ ಹೆಸರು, ಮಾಡಿದವರ ಹೆಸರು ಕಾಣುತ್ತದೆ, ಜೊತೆಗೆ 'ರನ್ ಎನಿವೇ' ಅಂತ ಇನ್ನೊಂದು ಬಟನ್ ಬರುತ್ತದೆ.

"ಹಂಗಾದ್ರೆ 'ರನ್ ಎನಿವೇ' ಒತ್ತಿಬಿಡಲಾ? ಯೂಟ್ಯೂಬಿನಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ."

ಒತ್ತುವ ಮೊದಲು ಒಂದು ಪ್ರಶ್ನೆ: ಈ ಫೈಲನ್ನು ನೀವೇ ಹುಡುಕಿಕೊಂಡು ಹೋದಿರಾ, ಅಥವಾ ಅದೇ ನಿಮ್ಮನ್ನು ಹುಡುಕಿಕೊಂಡು ಬಂತಾ? ತಾನಾಗಿ ಬಂದದ್ದಾದರೆ ಅಲ್ಲಿಗೇ ಮುಗಿಯಿತು, ಅಳಿಸಿ. ನೀವೇ ಹೋಗಿದ್ದರೆ, ಯಾವ ಸೈಟಿಗೆ ಹೋದಿರಿ ಅಂತ ನೋಡಬೇಕು.

ಒಂದು ಸಂಜೆ ಕಾರಟಗಿಯ ಗಿರಣಿಯೊಂದರ ಲೆಕ್ಕದವರು ಲ್ಯಾಪ್‌ಟಾಪ್ ಹಿಡಿದು ಬಂದರು. ಎರಡು ಪಿಡಿಎಫ್ ಸೇರಿಸಿ ಬ್ಯಾಂಕಿಗೆ ಕಳಿಸಬೇಕಿತ್ತು, ಅದಕ್ಕೊಂದು ಆ್ಯಪ್ ಇಳಿಸಿದ್ದರು, ನೀಲಿ ಪರದೆ ಬಂದು ಕೂತಿತ್ತು. ನಾನು ಮೊದಲು ಕ್ರೋಮ್‌ನ ಡೌನ್‌ಲೋಡ್ಸ್ ಪುಟ ತೆಗೆದೆ. ಕಂಟ್ರೋಲ್ ಜೊತೆ ಜೆ ಒತ್ತಿದರೆ ಬರುತ್ತದೆ, ಅಲ್ಲಿ ಫೈಲ್ ಎಲ್ಲಿಂದ ಇಳಿಯಿತು ಅಂತ ಕಾಣುತ್ತದೆ. ಪಿಡಿಎಫ್‌ಗೂ ಆ ವಿಳಾಸಕ್ಕೂ ಸಂಬಂಧವೇ ಇರಲಿಲ್ಲ. ಹಿಂದಿನ ಪುಟಕ್ಕೆ ಹೋಗಿ ನೋಡಿದರೆ ಹಸಿರು ಬಣ್ಣದ 'ಡೌನ್‌ಲೋಡ್' ಬಟನ್ ಮೂರು ಇದ್ದವು. ಎರಡು ಜಾಹೀರಾತು, ಒಂದೇ ನಿಜವಾದದ್ದು, ಅದೂ ಕೆಳಗೆ ಸಣ್ಣದಾಗಿ. ಅವರು ಒತ್ತಿದ್ದು ಮೇಲಿನದ್ದು. ಫೈಲ್ ಅಳಿಸಿದೆವು, ರೀಸೈಕಲ್ ಬಿನ್ ಖಾಲಿ ಮಾಡಿದೆವು, ಐದು ನಿಮಿಷದ ಕೆಲಸ. ಎಚ್ಚರಿಕೆ ಬಂದಾಗ ಅವರು ನಿಂತರಲ್ಲ, ಅದಕ್ಕೇ ಉಳಿದರು.

"ಒಮ್ಮೆ ನೀಲಿ ಬರ್ತದೆ, ಒಮ್ಮೆ 'ಥ್ರೆಟ್ಸ್ ಫೌಂಡ್' ಅಂತದೆ, ಒಮ್ಮೆ ಯೆಸ್, ನೋ ಕೇಳ್ತದೆ. ಎಲ್ಲಾ ಒಂದೇ ಅಲ್ವಾ?"

ಅಲ್ಲ, ಮೂರೂ ಬೇರೆ. ನೀಲಿ ಪರದೆ 'ಗೊತ್ತಿಲ್ಲ' ಅನ್ನುತ್ತದೆ. 'ಥ್ರೆಟ್ಸ್ ಫೌಂಡ್' ಅನ್ನುವುದು ಡಿಫೆಂಡರ್, ಅಂದರೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್. ಅದು 'ಇದು ಕೆಟ್ಟದ್ದು, ನನಗೆ ಗುರುತಿದೆ' ಅನ್ನುತ್ತದೆ. ಅದರ ಮಾತು ಮೀರಬೇಡಿ.

ಯೆಸ್, ನೋ ಕೇಳುವುದು ಯೂಸರ್ ಅಕೌಂಟ್ ಕಂಟ್ರೋಲ್. ಇಡೀ ಕಂಪ್ಯೂಟರಿನ ಬೀಗದ ಕೈ ಕೊಡಲಾ ಅಂತ ಕೇಳುತ್ತಿದೆ ಅಂದುಕೊಳ್ಳಿ. ಹೊಸ ಆ್ಯಪ್ ಹಾಕುವಾಗ ಅದು ಬರುವುದು ಸಹಜ. ಸಹಿ ಇದ್ದರೆ ಪಟ್ಟಿ ನೀಲಿ, ಇಲ್ಲದಿದ್ದರೆ ಹಳದಿ. ಆದರೆ ನೀವು ಏನನ್ನೂ ತೆರೆಯದೆ ಸುಮ್ನೆ ಕೂತಾಗ ಅದು ಧುತ್ತನೆ ಬಂದರೆ, ಹೆಸರು ಓದಿ, ಗೊತ್ತಾಗದಿದ್ದರೆ ನೋ ಒತ್ತಿ. ಬೇಕಾದದ್ದೇ ಆಗಿದ್ದರೆ ಮತ್ತೆ ಕೇಳುತ್ತದೆ.

"ಸ್ಕ್ರೀನ್ ತುಂಬಾ ಕೆಂಪು, ಸೈರನ್ ಸದ್ದು, ಕೆಳಗೊಂದು ನಂಬರ್ ಇದೆ. ಕಾಲ್ ಮಾಡಲಾ?"

ಮಾಡಬೇಡಿ. ಇದು ಎಚ್ಚರಿಕೆಯೇ ಅಲ್ಲ, ಎಚ್ಚರಿಕೆಯ ವೇಷ ಹಾಕಿದ ಒಂದು ವೆಬ್ ಪುಟ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಪೂರ್ತಿ ಪರದೆ ಚಿಕ್ಕದಾಗುತ್ತದೆ, ಆಮೇಲೆ ಬ್ರೌಸರ್ ಮುಚ್ಚಿ. ಮುಚ್ಚದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರಿಗೆ 'ಎಂಡ್ ಟಾಸ್ಕ್' ಕೊಡಿ. ಮತ್ತೆ ತೆರೆದಾಗ ಹಳೆ ಪುಟ ಬೇಕಾ ಅಂದರೆ ಬೇಡ ಅನ್ನಿ.

ಈಗಾಗಲೇ ಕಾಲ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿ, ನಿಮ್ಮ ಪರದೆ ಅವರಿಗೆ ಕಾಣುವ ಹಾಗೆ ಮಾಡಿದ್ದರೆ ಮೊದಲು ವೈಫೈ ಆಫ್ ಮಾಡಿ. ಮಾತು ಮುಂದುವರಿಸಬೇಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ.

"ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕಾರ್ಡ್ ಬಂತು, ನಮ್ಮ ಸಂಬಂಧಿಕರ ನಂಬರೇ. ಒತ್ತಿದ್ರೆ ಇನ್‌ಸ್ಟಾಲ್ ಮಾಡಲಾ ಅಂತ ಕೇಳ್ತದೆ."

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಮ್ಮ ಕಡೆ ಜನ ದುಡ್ಡು ಕಳಕೊಳ್ಳುತ್ತಿರುವುದು ಕಂಪ್ಯೂಟರಿಗಿಂತ ಹೀಗೇ ಜಾಸ್ತಿ.

ಮದುವೆ ಕಾರ್ಡ್ ಅಂದರೆ ಒಂದು ಫೋಟೋ, ಇಲ್ಲಾ ಪಿಡಿಎಫ್, ಇಲ್ಲಾ ವಿಡಿಯೋ. ಇವು ಯಾವುವೂ 'ಇನ್‌ಸ್ಟಾಲ್' ಅಂತ ಕೇಳುವುದಿಲ್ಲ. ಕೇಳಿತು ಅಂದರೆ ಅದು ಕಾರ್ಡ್ ಅಲ್ಲ, ಒಂದು ಆ್ಯಪ್. ಹೆಸರಿನ ಕೊನೆಗೆ ಚುಕ್ಕೆ ಹಾಕಿ 'ಎಪಿಕೆ' ಅಂತ ಇರುತ್ತದೆ. ಇದೇ ತರಹ ಪಿಎಂ ಕಿಸಾನ್ ಹೆಸರಿನಲ್ಲಿ, ಗಾಡಿ ಚಲನ್ ಹೆಸರಿನಲ್ಲಿ, ಬ್ಯಾಂಕ್ ಕೆವೈಸಿ ಹೆಸರಿನಲ್ಲೂ ಬರುತ್ತವೆ. ಬಿತ್ತನೆ ಹೊತ್ತಿಗೆ 'ಕಿಸಾನ್ ಪಟ್ಟಿ' ಅಂತ ಬಂದರೆ ರೈತರು ಒತ್ತದೆ ಇರುತ್ತಾರಾ?

ಆಂಡ್ರಾಯ್ಡ್ ಇಲ್ಲಿ ಒಂದು ಬಾಗಿಲು ಇಟ್ಟಿದೆ. 2017ರ ಆಂಡ್ರಾಯ್ಡ್ 8ರಿಂದ, ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕಬೇಕಾದರೆ ಆ ದಾರಿಗೆ ನೀವೇ ಬೇರೆ ಅನುಮತಿ ಕೊಡಬೇಕು. ವಾಟ್ಸ್‌ಆ್ಯಪ್‌ನಿಂದ ಹಾಕಲು ವಾಟ್ಸ್‌ಆ್ಯಪ್‌ಗೇ ಕೊಡಬೇಕು. ಆ ಪೆಟ್ಟಿಗೆ ಕಂಡಾಗ ಹಿಂದೆ ಬನ್ನಿ. ಮುಂದೆ ಹೋದರೆ ಆ್ಯಪ್ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರಿ ಅಂದರೆ ಬ್ಯಾಂಕಿನ ಓಟಿಪಿ ನಿಮಗಿಂತ ಮೊದಲು ಅವರಿಗೆ ತಲುಪುತ್ತದೆ.

ಸಂಬಂಧಿಕರ ನಂಬರ್ ಅಂತ ನಂಬಬೇಡಿ. ಅವರ ಫೋನ್ ಮೊದಲೇ ಸಿಕ್ಕಿಬಿದ್ದಿರಬಹುದು, ಅಲ್ಲಿಂದ ಅವರಿಗೆ ತಿಳಿಯದೇ ಎಲ್ಲರಿಗೂ ಹೋಗುತ್ತಿರಬಹುದು. ಒಂದು ಕಾಲ್ ಮಾಡಿ, "ಕಾಕಾ, ಕಾರ್ಡ್ ಕಳಿಸಿದ್ರಾ?" ಅಂತ ಕೇಳಿ. ಅವರಿಗೂ ಉಪಕಾರ ಆಗುತ್ತದೆ.

ಹಾಕಿಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ, ಆನ್‌ಲೈನ್ ಮೋಸದ ದೂರು ತೆಗೆದುಕೊಳ್ಳುವ ಸರ್ಕಾರಿ ಸಹಾಯವಾಣಿ 1930ಕ್ಕೂ ಕರೆ ಮಾಡಿ, ಆಮೇಲೆ ಆ್ಯಪ್ ಅಳಿಸಿ. ಅಳಿಸಲು ಬಿಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಅಡ್ಮಿನ್' ಅಂತ ಹುಡುಕಿ, ಅಲ್ಲಿ ಅದರ ಟಿಕ್ ತೆಗೆದು ಮತ್ತೆ ಪ್ರಯತ್ನಿಸಿ.

## ದಿನಾ ಎದುರಾಗುವ ತೊಡಕುಗಳು

"ಗೆಳೆಯನ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ತಂದೆ, ಎಚ್ಚರಿಕೆ ಬರಲೇ ಇಲ್ಲ. ಅಂದ್ರೆ ಫೈಲ್ ಚೆನ್ನಾಗಿದೆ ಅಲ್ವಾ?"

ಹಾಗೇನಿಲ್ಲ. ಇಂಟರ್ನೆಟ್‌ನಿಂದ ಇಳಿದ ಫೈಲಿಗೆ ಬ್ರೌಸರ್ ಒಂದು ಗುರುತು ಅಂಟಿಸುತ್ತದೆ, 'ಝೋನ್ ಐಡೆಂಟಿಫೈಯರ್' ಅಂತ. 2004ರ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2ರಿಂದ ಈ ಪದ್ಧತಿ ಇದೆ. ಅದರೊಳಗೆ 3 ಅಂತ ಇದ್ದರೆ 'ಇದು ಇಂಟರ್ನೆಟ್‌ನಿಂದ ಬಂದದ್ದು' ಅಂತ ಅರ್ಥ. ಆ ಗುರುತು ನೋಡಿಯೇ ಸ್ಮಾರ್ಟ್‌ಸ್ಕ್ರೀನ್ ತಡೆಯುವುದು. ಆದರೆ ಈ ಗುರುತು ನಿಲ್ಲುವುದು ಎನ್‌ಟಿಎಫ್‌ಎಸ್ ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನ ಮೇಲೆ ಮಾತ್ರ, ವಿಂಡೋಸ್ ಇರುವ ಡಿಸ್ಕ್ ಹಾಗಿರುತ್ತದೆ. ಪೆನ್‌ಡ್ರೈವುಗಳು ಸಾಮಾನ್ಯವಾಗಿ ಫ್ಯಾಟ್32 ಇಲ್ಲವೇ ಎಕ್ಸ್‌ಫ್ಯಾಟ್ ಆಗಿರುತ್ತವೆ, ಅದಕ್ಕೆ ಹಾಕಿದ ಕೂಡಲೇ ಗುರುತು ಉದುರಿಹೋಗುತ್ತದೆ. ಫೈಲ್ ಅದೇ, ಚೀಟಿ ಮಾತ್ರ ಕಳಚಿದೆ.

ನಿಮಗೆ ಪೂರ್ತಿ ನಂಬಿಕೆ ಇರುವ ಫೈಲಾದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕೆಳಗೆ 'ಅನ್‌ಬ್ಲಾಕ್' ಅಂತ ಇರುವುದಕ್ಕೆ ಟಿಕ್ ಹಾಕಿದರೆ ಈ ಗುರುತನ್ನು ಸರಿಯಾದ ದಾರಿಯಲ್ಲೇ ಅಳಿಸಿದಂತಾಗುತ್ತದೆ.

"ಪಿಡಿಎಫ್ ಅಂತ ಕಾಣ್ತದೆ, ತೆರೆದರೆ ಆ್ಯಪ್ ತೆರೆದಂಗೆ ಎಚ್ಚರಿಕೆ ಬರ್ತದೆ. ಯಾಕೆ?"

ಅದು ಪಿಡಿಎಫ್ ಅಲ್ಲ, ಅದಕ್ಕೇ. ವಿಂಡೋಸ್ ತಾನಾಗಿ ಫೈಲಿನ ಹೆಸರಿನ ಕೊನೆಯ ತುಂಡನ್ನು ಮುಚ್ಚಿಡುತ್ತದೆ. ಫೈಲಿನ ಪೂರ್ತಿ ಹೆಸರು 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ' (ಇಎಕ್ಸ್ಇ ಅಂದರೆ ವಿಂಡೋಸ್‌ನಲ್ಲಿ ಓಡುವ ಆ್ಯಪ್) ಅಂತಿದ್ದರೆ ನಿಮಗೆ ಕಾಣುವುದು 'ಬಿಲ್ ಡಾಟ್ ಪಿಡಿಎಫ್' ಮಾತ್ರ, ಚಿತ್ರವೂ ಪಿಡಿಎಫ್‌ನದೇ ಇಟ್ಟಿರುತ್ತಾರೆ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ವ್ಯೂ, ಶೋ, 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆನ್ ಮಾಡಿ. ನನ್ನ ಅಂಗಡಿಗೆ ರಿಪೇರಿಗೆ ಬಂದ ಪ್ರತಿ ಲ್ಯಾಪ್‌ಟಾಪಿನಲ್ಲೂ, ಕೇಳದಿದ್ದರೂ, ಇದೊಂದನ್ನು ಆನ್ ಮಾಡಿಯೇ ಕೊಡುತ್ತೇನೆ.

"ಕ್ರ್ಯಾಕ್ ಸಾಫ್ಟ್‌ವೇರ್ ಜೊತೆಗೆ 'ಆ್ಯಂಟಿವೈರಸ್ ಆಫ್ ಮಾಡಿ ಹಾಕಿ' ಅಂತ ಬರೆದಿರ್ತಾರೆ. ಅದು ಮಾಮೂಲಿ ಅಲ್ವಾ?"

ಮಾಮೂಲಿ ಆಗಿಬಿಟ್ಟಿದೆ ಅನ್ನುವುದೇ ನನಗೆ ಸಂಕಟ. ಮನೆಯ ನಾಯಿಯನ್ನು ಕಟ್ಟಿಹಾಕಿ ಆಮೇಲೆ ಬರ್ತೀನಿ ಅಂತ ಯಾರಾದರೂ ಹೇಳಿದರೆ ಒಳಗೆ ಬಿಡ್ತೀರಾ? ದುಡ್ಡು ಕೊಡದೆ ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಕ್ರ್ಯಾಕ್ ಟೂಲ್‌ಗಳನ್ನು ಡಿಫೆಂಡರ್ 'ಹ್ಯಾಕ್‌ಟೂಲ್' ಅಂತ ಹೆಸರಿಟ್ಟು ಹಿಡಿಯುತ್ತದೆ. ಅದರ ಜೊತೆ ಇನ್ನೇನು ಸೇರಿಸಿದ್ದಾರೋ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದವರು ಕಸೂತಿ ಡಿಸೈನ್ ಸಾಫ್ಟ್‌ವೇರನ್ನು ಹೀಗೇ ಹಾಕಿಸಿಕೊಂಡಿದ್ದರು. ಒಂದು ದಿನ ಬೆಳಿಗ್ಗೆ ನೋಡಿದರೆ ಎಲ್ಲಾ ಡಿಸೈನ್ ಫೈಲುಗಳ ಹೆಸರಿನ ಕೊನೆ ಬದಲಾಗಿದೆ, ಯಾವುದೂ ತೆರೆಯುತ್ತಿಲ್ಲ, ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಒಂದು ಚೀಟಿ. ಬ್ಯಾಕಪ್ ಇರಲಿಲ್ಲ. ಸಿಪಿಯು ನನ್ನ ಹತ್ತಿರ ತಂದರು, ನಾನು ಏನೂ ಮಾಡಲು ಆಗಲಿಲ್ಲ. ಆ ಮನುಷ್ಯ ಮೌಸ್ ಹಿಡಿದು ಒಂದೊಂದೇ ಫೈಲ್ ಒತ್ತಿ ಒತ್ತಿ ನೋಡುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ.

ದುಡ್ಡಿಲ್ಲ ಅನ್ನುವುದು ನಿಜವಾದ ಕಷ್ಟ, ಅದಕ್ಕೆ ಬೈಯುವುದಿಲ್ಲ. ಆದರೆ ಉಚಿತವಾದದ್ದೇ ಇದೆ. ವರ್ಡ್, ಎಕ್ಸೆಲ್ ಕೆಲಸಕ್ಕೆ ಲಿಬ್ರೆಆಫೀಸ್. ಡಿಸೈನಿಗೆ ಇಂಕ್‌ಸ್ಕೇಪ್, ಅದಕ್ಕೇ ಸೇರಿಸುವ ಇಂಕ್ ಸ್ಟಿಚ್ ಹಾಕಿದರೆ ಕಸೂತಿ ಮೆಷಿನ್ನಿನ ಫೈಲೂ ತಯಾರಾಗುತ್ತದೆ. ಕಲಿಯಲು ಸ್ವಲ್ಪ ದಿನ ಬೇಕು, ಅಷ್ಟೇ.

"ನುಡಿ ಡೌನ್‌ಲೋಡ್ ಅಂತ ಹುಡುಕಿದ್ರೆ ಹತ್ತು ಸೈಟ್ ಬರ್ತವೆ. ಯಾವುದು ಒತ್ತಲಿ?"

ಮೇಲೆ 'ಸ್ಪಾನ್ಸರ್ಡ್' ಅಂತ ಬಂದದ್ದನ್ನು ಬಿಡಿ, ಅದು ದುಡ್ಡು ಕೊಟ್ಟು ಮೇಲೆ ಬಂದದ್ದು. ಮಾಡಿದವರು ಯಾರು ಅಂತ ಮೊದಲು ತಿಳಿದು ಅವರ ಸೈಟಿಗೇ ಹೋಗಿ. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಮಾಡಿದ್ದು ಕನ್ನಡ ಗಣಕ ಪರಿಷತ್ತು. ನೂರೆಂಟು ಸಾಫ್ಟ್‌ವೇರ್ ಒಂದೇ ಕಡೆ ಗುಡ್ಡೆ ಹಾಕಿದ ಸೈಟಿನಿಂದ ಇಳಿಸಬೇಡಿ.

ಬರೀ ಯೂನಿಕೋಡ್ ಕನ್ನಡ ಟೈಪ್ ಮಾಡಬೇಕಿದ್ದರೆ ಏನೂ ಇಳಿಸುವುದೇ ಬೇಡ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್, ಅಂದರೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಕೀಬೋರ್ಡ್, ಇದೆ, 11ರಲ್ಲೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿ, ಅದರ ಆಪ್ಶನ್ಸ್‌ನಲ್ಲಿ ಫೊನೆಟಿಕ್ ಆರಿಸಿ. ಎಷ್ಟೋ ಮೇಷ್ಟ್ರುಗಳಿಗೆ ಇದು ಗೊತ್ತೇ ಇರಲ್ಲ.

"ಆಫೀಸಿನಿಂದ ಬಂದ ಎಕ್ಸೆಲ್ ತೆರೆದರೆ ಮೇಲೆ ಕೆಂಪು ಪಟ್ಟಿ ಬರ್ತದೆ, ಲೆಕ್ಕ ಓಡಲ್ಲ."

ಅದರೊಳಗೆ ಮ್ಯಾಕ್ರೋ ಇದೆ, ಅಂದರೆ ಸಣ್ಣ ಪ್ರೋಗ್ರಾಂ. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು 2022ರಿಂದ ಆಫೀಸ್ ತಾನಾಗಿ ತಡೆಯುತ್ತದೆ. ಕಳಿಸಿದವರಿಗೆ ಫೋನ್ ಮಾಡಿ, ನಿಜವಾಗಲೂ ಅವರೇ ಕಳಿಸಿದ್ದಾ, ಮ್ಯಾಕ್ರೋ ಬೇಕೇಬೇಕಾ ಅಂತ ಕೇಳಿ. ಹೌದು ಅಂದರೆ ಮಾತ್ರ ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್' ಮಾಡಿ. ಹಳದಿ ಪಟ್ಟಿ ಬಂದರೆ ಓದಲು ಏನೂ ಅಡ್ಡಿಯಿಲ್ಲ, 'ಎನೇಬಲ್ ಎಡಿಟಿಂಗ್' ಒತ್ತದೆಯೇ ಓದಿ.

"ಹೊಸ ಲ್ಯಾಪ್‌ಟಾಪ್, ಏನು ಹಾಕಲು ಹೋದ್ರೂ ಸ್ಟೋರಿನಿಂದ ಮಾತ್ರ ಅಂತದೆ."

ಅದು ಎಸ್ ಮೋಡ್‌ನಲ್ಲಿ, ಅಂದರೆ ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಮಾತ್ರ ಹಾಕಲು ಬಿಡುವ ವಿಂಡೋಸ್‌ನಲ್ಲಿ, ಬಂದಿರಬೇಕು. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಿಂದ ಹೊರಗೆ ಬರಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಒಮ್ಮೆ ಹೊರಗೆ ಬಂದರೆ ವಾಪಸ್ ಹೋಗಲು ಆಗದು. ಮಕ್ಕಳ ಓದಿಗೆ ಮಾತ್ರ ಅಂತಿದ್ದರೆ ಹಾಗೇ ಇರಲಿ ಬಿಡಿ ಅನ್ನುವುದು ನನ್ನ ಅಭಿಪ್ರಾಯ.

## ಇನ್ನೂ ಸ್ವಲ್ಪ ಒಳಗೆ

"'ಅನ್‌ನೋನ್ ಪಬ್ಲಿಷರ್' ಅಂದ್ರೆ ಕಳ್ಳ ಮಾಲು ಅಂತಾನಾ?"

ಅಲ್ಲ. ಆ್ಯಪ್ ಮಾಡಿದವರು ಡಿಜಿಟಲ್ ಸಹಿ ಹಾಕಿಲ್ಲ ಅಂತ ಅರ್ಥ. ಆ ಸಹಿಗೆ ಸರ್ಟಿಫಿಕೇಟ್ ಬೇಕು, ಅದಕ್ಕೆ ದುಡ್ಡು ಬೇಕು. ಒಬ್ಬರೇ ಕೂತು ಉಚಿತವಾಗಿ ಮಾಡಿ ಕೊಡುವವರಿಗೆ ಅದು ಹೊರೆ. 1999ರಿಂದ ಇರುವ, ಜಗತ್ತೆಲ್ಲಾ ಬಳಸುವ 7-ಝಿಪ್ (ಫೈಲುಗಳನ್ನು ಝಿಪ್ ಮಾಡುವ ಉಚಿತ ಆ್ಯಪ್) ಹಾಕುವಾಗಲೂ ಯೆಸ್, ನೋ ಕೇಳುವ ಆ ಹಳದಿ ಪೆಟ್ಟಿಗೆ ಬರುತ್ತದೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ಅನ್ನುವ ಭಾಗ ಇದ್ದರೆ ಸಹಿ ಯಾರದ್ದು ಅಂತ ನೋಡಬಹುದು. ದೊಡ್ಡ ಕಂಪನಿಯ ಹೆಸರಿನ ಆ್ಯಪ್, ಆದರೆ ಸಹಿಯೇ ಇಲ್ಲ ಅಂದರೆ ಆಗ ಅನುಮಾನ ಪಡಿ. ಇನ್ನೊಂದು ಮಾತು, ಸಹಿ ಇದೆ ಅಂದ ಮಾತ್ರಕ್ಕೆ ಆ್ಯಪ್ ಒಳ್ಳೆಯದು ಅಂತಲ್ಲ. ಕದ್ದ ಸರ್ಟಿಫಿಕೇಟಿನಲ್ಲಿ ಸಹಿ ಹಾಕಿದ ವೈರಸ್‌ಗಳೂ ಬಂದಿವೆ.

"ವೈರಸ್‌ಟೋಟಲ್‌ಗೆ ಹಾಕಿದೆ, ಎಪ್ಪತ್ತರಲ್ಲಿ ಎರಡು ಕೆಂಪು. ಹಾಕ್ಲಾ ಬಿಡ್ಲಾ?"

ವೈರಸ್‌ಟೋಟಲ್ ಗೂಗಲ್‌ನದು, ಒಂದು ಫೈಲನ್ನು ಸುಮಾರು 70 ಆ್ಯಂಟಿವೈರಸ್‌ಗಳಿಂದ ಒಟ್ಟಿಗೆ ನೋಡಿಸುತ್ತದೆ. ಹೆಸರೇ ಕೇಳದ ಒಂದೆರಡು 'ಜೆನೆರಿಕ್' ಅಂತ ಕೆಂಪು ತೋರಿಸಿದರೆ ಅದು ತಪ್ಪು ಅಂದಾಜೂ ಇರಬಹುದು. ಹತ್ತು ಹದಿನೈದು ಬಂದರೆ, ಅದರಲ್ಲಿ ಹೆಸರಾಂತವೂ ಸೇರಿದ್ದರೆ, ಬಿಟ್ಟುಬಿಡಿ. ಸೊನ್ನೆ ಬಂತು ಅಂತ ಕುಣಿಯುವುದೂ ಬೇಡ, ಇವತ್ತೇ ಹುಟ್ಟಿದ ವೈರಸ್ಸಿನ ಪರಿಚಯ ಯಾರಿಗೂ ಇರುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ನೋಡಿ. ಅಲ್ಲಿ ಹಾಕಿದ ಫೈಲ್ ಭದ್ರತಾ ಕಂಪನಿಗಳಿಗೂ ಸಿಗುತ್ತದೆ, ಹಾಗಾಗಿ ಆಧಾರ್, ಬ್ಯಾಂಕ್ ಕಾಗದ ಮಾತ್ರ ಹಾಕಲೇಬೇಡಿ.

"ಡೌನ್‌ಲೋಡ್ ಪುಟದಲ್ಲಿ ಎಸ್‌ಎಚ್‌ಎ-256 ಅಂತ ಉದ್ದ ನಂಬರ್ ಇದೆ. ಏನಕ್ಕೆ ಅದು?"

ಫೈಲಿನ ಬೆರಳಚ್ಚು ಅದು, 64 ಅಕ್ಷರ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ನಂಬರ್ ಪೂರ್ತಿ ಬೇರೆಯಾಗುತ್ತದೆ. 7-ಝಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸಿಆರ್‌ಸಿ ಎಸ್‌ಎಚ್‌ಎ' ಅನ್ನುವುದರಲ್ಲಿ ನೋಡಬಹುದು. ಅದೂ ಡೌನ್‌ಲೋಡ್ ಪುಟದಲ್ಲಿರುವ ನಂಬರೂ ಒಂದೇ ಇದ್ದರೆ ದಾರಿಯಲ್ಲಿ ಫೈಲ್ ಕೆಟ್ಟಿಲ್ಲ. ಆದರೆ ಸೈಟಿಗೇ ಕಳ್ಳರು ನುಗ್ಗಿದ್ದರೆ ನಂಬರನ್ನೂ ಬದಲಿಸಿರಬಹುದು.

"'ನೀವು ರೋಬಾಟ್ ಅಲ್ಲ ಅಂತ ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ' ಅಂತ ಬಂತು. ಮಾಡಿದ್ರೆ ಏನಾಗ್ತದೆ?"

ಮಾಡಬೇಡಿ. ಆ ಪುಟ ನಿಮಗೆ ಗೊತ್ತಿಲ್ಲದೆ ಒಂದು ಕಮಾಂಡನ್ನು ಕಾಪಿ ಮಾಡಿಟ್ಟಿರುತ್ತದೆ. ನಿಮ್ಮ ಕೈಯಿಂದಲೇ ಅದನ್ನು ಓಡಿಸುತ್ತದೆ. ನೀವೇ ಓಡಿಸಿದ ಕಾರಣ ನೀಲಿ ಪರದೆ ಬರದೇ ಹೋಗಬಹುದು, ಅದಕ್ಕೇ ಈ ಉಪಾಯ ಹುಡುಕಿದ್ದಾರೆ. ನಿಜವಾದ ಕ್ಯಾಪ್ಚಾ, ಅಂದರೆ ರೋಬಾಟ್ ಅಲ್ಲ ಅಂತ ತೋರಿಸುವ ಪರೀಕ್ಷೆ, ಬ್ರೌಸರಿನೊಳಗೇ ಮುಗಿಯುತ್ತದೆ, ಕೀಬೋರ್ಡಿನಲ್ಲಿ ಹೀಗೆ ಒತ್ತಿ ಅನ್ನುವುದಿಲ್ಲ.

"ಮ್ಯಾಕ್‌ನಲ್ಲಿ ಮುಂಚೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದ್ರೆ ತೆರೀತಿತ್ತು, ಈಗ ತೆರೀತಿಲ್ಲ."

2024ರಲ್ಲಿ ಬಂದ ಸೆಕೋಯಾ ಅನ್ನುವ ಮ್ಯಾಕ್ ಆವೃತ್ತಿಯಿಂದ ಆ ದಾರಿ ಮುಚ್ಚಿದ್ದಾರೆ. ಈಗ ಆ್ಯಪನ್ನು ಒಮ್ಮೆ ತೆರೆಯಲು ನೋಡಿ, ತಡೆದ ಮೇಲೆ ಸಿಸ್ಟಮ್ ಸೆಟ್ಟಿಂಗ್ಸ್, 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ'ಗೆ ಹೋಗಿ ಕೆಳಗೆ 'ಓಪನ್ ಎನಿವೇ' ಒತ್ತಬೇಕು. ಆ ಬಟನ್ ಸುಮಾರು ಒಂದು ಗಂಟೆ ಮಾತ್ರ ಇರುತ್ತದೆ. 'ಪರೀಕ್ಷಿಸಲು ಆಗಲಿಲ್ಲ' ಅಂತ ಬಂದರೆ ಯೋಚಿಸಿ ಮುಂದುವರಿಯಬಹುದು. 'ನಿಮ್ಮ ಕಂಪ್ಯೂಟರನ್ನು ಹಾಳು ಮಾಡುತ್ತದೆ' ಅಂತ ಬಂದರೆ ಯೋಚನೆಯೇ ಬೇಡ, ಅನುಪಯುಕ್ತ ಬುಟ್ಟಿಗೆ ಹಾಕಿ.

"ನಾನೇ ಪೈಥಾನ್‌ನಲ್ಲಿ ಬರೆದ ಪ್ರಾಜೆಕ್ಟ್ ಸರ್, ಇಎಕ್ಸ್ಇ ಮಾಡಿದ್ರೆ ಡಿಫೆಂಡರ್ ವೈರಸ್ ಅಂತದೆ!"

ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನ ಪ್ರಶ್ನೆ, ಪಾಪ ಮರುದಿನವೇ ಪ್ರಾಜೆಕ್ಟ್ ತೋರಿಸಬೇಕಿತ್ತು. ಪೈಥಾನ್ ಪ್ರೋಗ್ರಾಂ ಅನ್ನು ಇಎಕ್ಸ್ಇ ಮಾಡಿಕೊಡುವ ಪೈಇನ್‌ಸ್ಟಾಲರ್‌ನಿಂದ ಮಾಡಿದ ಫೈಲುಗಳಿಗೆ ಹೀಗೆ ಆಗುವುದು ಹೊಸದಲ್ಲ. ವೈರಸ್ ಬರೆಯುವವರೂ ಅದೇ ಟೂಲ್ ಬಳಸುತ್ತಾರೆ, ಹೊರಗಿನ ಕವಚ ಒಂದೇ ತರಹ ಕಾಣುತ್ತದೆ. ಎಲ್ಲವನ್ನೂ ಒಂದೇ ಫೈಲಿಗೆ ತುಂಬುವ ಬದಲು ಫೋಲ್ಡರ್ ರೂಪದಲ್ಲಿ ಮಾಡಿ ನೋಡಿ, ಆಗ ಇದು ಕಮ್ಮಿ. ಫೈಲನ್ನು ಮೈಕ್ರೋಸಾಫ್ಟ್‌ಗೇ ಪರೀಕ್ಷೆಗೆ ಕಳಿಸಲೂಬಹುದು. ಡಿಫೆಂಡರ್‌ಗೆ 'ಇಲ್ಲಿ ನೋಡಬೇಡ' ಅಂತ ಹೇಳಲೇಬೇಕಿದ್ದರೆ ಆ ಒಂದು ಫೋಲ್ಡರಿಗೆ ಹೇಳಿ, ಇಡೀ ಡೌನ್‌ಲೋಡ್ಸ್ ಫೋಲ್ಡರಿಗೆ ಹೇಳಬೇಡಿ.

"ಅಣ್ಣಾ, ಯೋಚನೆ ಮಾಡದೆ ಒತ್ತಿಬಿಟ್ಟೆ. ಈಗೇನು ಮಾಡ್ಲಿ?"

ಗಾಬರಿ ಬೇಡ, ನಾಚಿಕೆಯೂ ಬೇಡ. ಅವಸರದಲ್ಲಿ ನಾನೂ ಒಮ್ಮೆ ಒಂದು ಉಚಿತ ಕನ್ವರ್ಟರ್ ಹಾಕಿ, ಬ್ರೌಸರ್ ತುಂಬಾ ಜಾಹೀರಾತು ತುಂಬಿಸಿಕೊಂಡು ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಇಂಟರ್ನೆಟ್ ಆಫ್ ಮಾಡಿ. 'ವಿಂಡೋಸ್ ಸೆಕ್ಯುರಿಟಿ' ತೆರೆದು ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಸುಮಾರು ಕಾಲು ಗಂಟೆ. ಅಷ್ಟರಲ್ಲಿ ಬೇರೆ ಫೋನಿನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಅದೇ ಕಂಪ್ಯೂಟರಿನಲ್ಲಿ ಬದಲಿಸಿದರೆ ಹೊಸದೂ ಅವರ ಕೈಗೆ ಹೋಗಬಹುದು. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ವೈರಸ್ ತೆಗೆಯುವ ಉಚಿತ ಟೂಲ್‌ಗಳೂ ಇವೆ. ದುಡ್ಡು ಹೋಗಿದ್ದರೆ 1930, ಅದೂ ತಡ ಮಾಡದೆ. ಬೇಗ ಹೇಳಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ನನ್ನ ಹತ್ತಿರ ಬರುವುದಾದರೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬರಬೇಡಿ, ಲ್ಯಾಪ್‌ಟಾಪನ್ನೇ ತನ್ನಿ, ಚಾರ್ಜರ್ ಜೊತೆಗೆ.